ಕರಡು ತಿದ್ದುವವಳ ತಮ್ಮ

ಡೇಗು ಊರಿನ ಅಚ್ಚುಮನೆಗಳ ಓಣಿ,
ಮೂರನೇ ಮಹಡಿ, ಕಿಟಕಿಗೆಲ್ಲ ಮಸಿ.
ಹತ್ತೊಂಬತ್ತು ವರ್ಷದಿಂದ ನಾನಿಲ್ಲಿ
ವೈದ್ಯರ ನಿಘಂಟಿನ ಕರಡು ತಿದ್ದುತ್ತೇನೆ.
ಎಡಕ್ಕೆ ಇಂಗ್ಲಿಷು, ಬಲಕ್ಕೆ ನಮ್ಮದು,
ನಡುವೆ ಕೂದಲೆಳೆಯಷ್ಟು ಗೆರೆ.
ಆ ಗೆರೆಯ ಮೇಲೇ ನನ್ನ ಸಂಸಾರ.

ಕಾಲ ಹರಡಿನ ಗಂಟಿಗೆ ಎಡಗಡೆಯವರು
ಲ್ಯಾಟಿನ್ನಿನಿಂದೊಂದು ಪುಟ್ಟ ಸುತ್ತಿಗೆ ತಂದರು.
ನಾವು ಪೀಚ್ ಹಣ್ಣಿನ ಮೂಳೆ ಅನ್ನುತ್ತೇವೆ.
ಎಡವಿದರೆ ಸುತ್ತಿಗೆಯೂ ಊದುತ್ತದೆ, ಹಣ್ಣೂ ಊದುತ್ತದೆ.
ಕಣ್ಣಿಗೆ ಪೊರೆ ಬಂದರೆ ಅವರಿಗದು ಜಲಪಾತ,
ನಮಗೆ ಒಳಗೆದ್ದ ಬಿಳಿಯ ತಡೆ.
ಒಳಕಿವಿಯಲ್ಲಿ ಮಾತ್ರ ಇಬ್ಬರೂ ಒಪ್ಪಿದ್ದೇವೆ:
ಬಸವನಹುಳು.
ಕಣ್ಣಪಾಪೆಯೊಳಗೆ ಕೂತವರು ಯಾರೆಂದು ಮತ್ತೆ ಜಗಳ.
ಅವರ ಹಳೆಯ ಮಾತಿನಲ್ಲಿ ಗೊಂಬೆ,
ನಮ್ಮ ಅಜ್ಜಿಯರ ಮಾತಿನಲ್ಲಿ ಬುದ್ಧ.
ನಿನ್ನ ಕಣ್ಣೊಳಗೆ ನಿಂತ ನಾನು,
ಎಳ್ಳುಕಾಳಿನಷ್ಟು ನಾನು, ಕಣ್‌ಬುದ್ಧ.
ಕಾಯಿಲೆಯಲ್ಲ, ಅಂಗವೂ ಅಲ್ಲ, ನಿಘಂಟಿಗೆ ಬೇಡ ಎಂದು
ಸಂಪಾದಕ ಮಾ ಜೊಂಗ್‌ತೆಕ್ ಕೆಂಪಲ್ಲಿ ಹೊಡೆದರು.
ಆ ಚೀಟಿಯನ್ನು ನಾನು ಎಸೆಯಲಿಲ್ಲ.

ಇರಲಿ. ಹೇಳಹೊರಟಿದ್ದು ಎಸ್ ಅಕ್ಷರದ ಪುಟ.

ನನ್ನ ತಮ್ಮ ಇನ್‌ಹ್ಯೊಕ್‌ನನ್ನು
ಸೇನೆಯವರು ಏಳನೇ ತಿಂಗಳಿಗೇ ಮನೆಗೆ ಕಳಿಸಿದರು.
ಜೇಬಲ್ಲೊಂದು ಕಾಗದ, ಕಾಗದದ ಮೇಲೊಂದು ಹೆಸರು:
ಮನಸ್ಸು ಸೀಳಿಹೋದ ಬೇನೆ.
ಅಮ್ಮ ಅದನ್ನು ಅಕ್ಕಿ ಡಬ್ಬದ ತಳಕ್ಕೆ ಹಾಕಿ
ನೆರೆಯವರಿಗೆ ನರಗಳ ನಿತ್ರಾಣ ಅಂದಳು.
ಅಪ್ಪ ಏನೂ ಅನ್ನಲಿಲ್ಲ, ನಾಲ್ಕು ವರ್ಷ.
ಸೀಳಿದೆ ಎಂದ ಮೇಲೆ ಜನ ಬಿರುಕು ಹುಡುಕುತ್ತಾರೆ.
ಅವನು ಉಣ್ಣುವಾಗ, ಶೂ ಲೇಸು ಕಟ್ಟುವಾಗ
ನಾನೂ ಹುಡುಕಿದ್ದೇನೆ, ಸುಳ್ಳೇಕೆ.

ಆಮೇಲೊಂದು ವರ್ಷ ವೈದ್ಯರೇ ಕೂತು ಹೆಸರು ಬದಲಿಸಿದರು.
ಜೊಹ್ಯೊನ್‌ಬ್ಯೊಂಗ್. ತಂತಿಯ ಶ್ರುತಿ ಹೊಂದಿಸುವ ಬೇನೆ.
ಕರಡು ನನ್ನ ಮೇಜಿಗೇ ಬಂತು.
ಹಳೆಯದರ ಮೇಲೆ ಗೆರೆ ಎಳೆದೆ,
ಎದ್ದು ಹೋಗಿ ನೀರು ಕುಡಿದೆ,
ಬಂದು ಇನ್ನೊಮ್ಮೆ ಎಳೆದೆ, ಅದರ ಅಗತ್ಯವಿರಲಿಲ್ಲ.
ಎಡಗಡೆ ಇಂಗ್ಲಿಷು ಹಾಗೇ ಉಳಿಯಿತು.
ಅದರ ಗ್ರೀಕ್ ಬೇರು ಕೆದಕಿದೆ: ಮೊದಲರ್ಧ ಸೀಳು, ಸರಿ.
ಉಳಿದರ್ಧ ಮನಸ್ಸು. ಆದರೆ ಆ ಪದಕ್ಕೇ ಇನ್ನೊಂದರ್ಥ,
ಎದೆಗೂ ಹೊಟ್ಟೆಗೂ ನಡುವಿನ ವಪೆ,
ಉಸಿರಿನೊಂದಿಗೆ ಏರಿಳಿಯುವ ತೆಳು ಮಾಂಸ.
ಅವರ ಮನಸ್ಸು ಅಲ್ಲಿ ವಾಸವಿತ್ತು,
ಬಿಕ್ಕಳಿಕೆ ಹುಟ್ಟುವ ಜಾಗದಲ್ಲಿ.

ತಮ್ಮ ಈಗ ಸಿಂಚೊನ್ ಹೊಳೆಯ ಸೇತುವೆ ಕೆಳಗೆ
ಸೈಕಲ್ ರಿಪೇರಿ ಮಾಡುತ್ತಾನೆ,
ಸೊಟ್ಟ ಚಕ್ರಕ್ಕೆ ಅವನೇ ಬೇಕು ಅನ್ನುತ್ತಾರೆ.
ಅವತ್ತು ಸಂಜೆ ಹಾಳೆ ಒಯ್ದು ತೋರಿಸಿದೆ.
ಗ್ರೀಸಿನ ಕೈ ಒರೆಸಿಕೊಂಡು ಓದಿದ.
“ತಂತಿ ಸರಿ. ತಿರುಪೋರು ಯಾರು?”
ಅದಕ್ಕೆ ನಮ್ಮ ನಿಘಂಟಿನಲ್ಲಿ ಕಾಲಮ್ಮಿಲ್ಲ.
ಅವನು ಚಕ್ರವೊಂದನ್ನು ಸ್ಟ್ಯಾಂಡಿಗೇರಿಸಿ
ಮೂವತ್ತಾರು ಕಡ್ಡಿಗಳನ್ನೂ ಬೆರಳಲ್ಲಿ ಮೀಟುತ್ತ ಹೋದ.
ಟಿಣ್, ಟಿಣ್, ಟಿಣ್, ಟೊಳ್.
ಟೊಳ್ ಅಂದಲ್ಲಿ ನಿಂತು ಕಾಲು ಸುತ್ತು ತಿರುಪಿದ.
“ಜಾಸ್ತಿ ಬಿಗಿದ್ರೂ ಕಟ್ಟಾಗುತ್ತೆ” ಅಂದ,
ನನಗಲ್ಲ, ಚಕ್ರಕ್ಕೆ.

ಆಮೇಲೆ, ಬೇರೇನು ಪದ ಸಿಕ್ಕಿತು ಎಂದು ಕೇಳಿದ.
ಪರ್ಸಿನಿಂದ ಆ ಕೆಂಪು ಗೀಟಿನ ಚೀಟಿ ತೆಗೆದು ಕೊಟ್ಟೆ.
ಹತ್ತಿರ ಬಾಗಿದ. ರಬ್ಬರಿನ ವಾಸನೆ, ಮಾತ್ರೆಯ ಬಾಯಿವಾಸನೆ.
ನನ್ನ ಕಣ್ಣೊಳಗೆ ತುಂಬ ಹೊತ್ತು ನೋಡಿದ.
“ಇದೀನಿ” ಅಂದ. “ಮೂಗು ದಪ್ಪ.”

ಅಷ್ಟರಲ್ಲಿ ಚಕ್ರದ ಹುಡುಗಿ ಬಂದಳು.
ಐದು ಸಾವಿರ ವೊನ್ ಕೇಳಿದ,
ಚೌಕಾಸಿಗೆ ಬಗ್ಗಲಿಲ್ಲ.